ಕೂಡಿಸಿದ ಒಂದು ಗಂಟೆ

ನನ್ನ ಅಳಿಯ ರಾಲ್ಫ್ ಡರ್ಬಿಯವನು. ಇಡೀ ಇಂಗ್ಲೆಂಡಿನಲ್ಲಿ ಸಮುದ್ರದಿಂದ ಅದಕ್ಕಿಂತ ದೂರದ ಊರು ಹುಡುಕಿದರೂ ಸಿಗುವುದು ಕಷ್ಟ. ಅವನು ಮೊದಲ ಸಲ ಸಮುದ್ರ ನೋಡಿದ್ದು ಒಂಬತ್ತನೆಯ ವಯಸ್ಸಿನಲ್ಲಂತೆ, ಅದೂ ಬಸ್ಸಿನ ಕಿಟಕಿಯಿಂದ. ಈ ಸಂಗತಿ ಕಿವಿಗೆ ಬಿದ್ದ ದಿನದಿಂದ ನಾನು ಅವನನ್ನು ಬಿಟ್ಟಿರಲಿಲ್ಲ. ಮದುವೆಯ ಊಟದಲ್ಲಿ ಎಲ್ಲರೆದುರು ಹೇಳಿದೆ, ಕ್ರಿಸ್‌ಮಸ್‌ನಲ್ಲಿ ಹೇಳಿದೆ, ಅವನು ನನ್ನ ಮಗಳ ಜೊತೆ ನಮ್ಮ ಆರ್ಕ್ನಿ ದ್ವೀಪಕ್ಕೆ ಬಂದು ನೆಲೆಸಿದ ಮೇಲಂತೂ ವಾರಕ್ಕೊಮ್ಮೆ ಹೇಳಿದೆ. ಅವನು ಪ್ರತಿ ಸಲವೂ ನಗುತ್ತಿದ್ದ. ನಗುತ್ತಾನಲ್ಲ ಎಂದು ನಾನು ಇನ್ನಷ್ಟು ಕೆಣಕುತ್ತಿದ್ದೆ.

ನಾನು ರಗ್ನಾ ಫೌಬಿಸ್ಟರ್. ಅರವತ್ತೆರಡು ವರ್ಷ, ಒಂದು ಕೆಟ್ಟ ಮಂಡಿ, ಒಂಬತ್ತು ಸೀಟಿನ ಒಂದು ವ್ಯಾನು. ಹೊರಗಿನಿಂದ ಬಂದವರನ್ನು ಕೂರಿಸಿಕೊಂಡು ನಮ್ಮ ದ್ವೀಪದ ಹಳೆಯ ಕಲ್ಲುಗಳನ್ನು ತೋರಿಸುವುದು ನನ್ನ ಕಸುಬು. ಮೂವತ್ತು ವರ್ಷದಲ್ಲಿ ಒಬ್ಬರ ಕಾಲೂ ನೀರಿನಲ್ಲಿ ಒದ್ದೆಯಾಗಲು ಬಿಟ್ಟವಳಲ್ಲ ಎಂಬ ಜಂಬ ನನಗಿತ್ತು.

ಆ ಜುಲೈ ಗುರುವಾರ ವ್ಯಾನಿಗೆ ಗಿರಾಕಿ ಇರಲಿಲ್ಲ. ಆಸ್ಪತ್ರೆಗೆ ಕೆಲಸಕ್ಕೆ ಹೊರಟಿದ್ದ ಮಗಳು ಮೆರನ್ ಬಾಗಿಲಲ್ಲೇ ನಿಂತು ಹೇಳಿದಳು, "ಅಮ್ಮಾ, ಈ ಅಪ್ಪ ಮಗಳನ್ನ ಒಂದಿನ ಸುತ್ತಾಡಿಸ್ಕೊಂಡು ಬಾ. ಬಂದು ಎರಡು ವರ್ಷ ಆಯ್ತು, ಇನ್ನೂ ಒಂದು ಕಲ್ಲು ಸರಿಯಾಗಿ ನೋಡಿಲ್ಲ." ಆಮೇಲೆ ದನಿ ತಗ್ಗಿಸಿ, "ಅವನನ್ನ ಗೋಳು ಹೊಯ್ಕೋಬೇಡ, ಆಯ್ತಾ?" ಎಂದಳು.

"ನಾನಾ? ನಾನ್ಯಾಕೆ ಹೊಯ್ಕೊಳ್ಲಿ?" ಎಂದೆ.

ಮೊಮ್ಮಗಳು ಸುನ್ನಿವಾಗೆ ಆಗಷ್ಟೇ ಐದು ತುಂಬಿತ್ತು. ಅವಳಿಗೆ ಕಲ್ಲು ಬೇಕಾಗಿರಲಿಲ್ಲ, ಟ್ಯಾಮಿನೋರಿ ಬೇಕಾಗಿತ್ತು. ಕೆಂಪು ಕೊಕ್ಕು, ಬಿಳಿ ಹೊಟ್ಟೆ, ಡೊಗರಿನಲ್ಲಿ ಮೊಟ್ಟೆಯಿಡುವ ಆ ಹಕ್ಕಿ ಬೇಸಿಗೆಯಲ್ಲಿ ಮಾತ್ರ ದಡಕ್ಕೆ ಬರುತ್ತದೆ. "ಮೊದ್ಲು ಕಲ್ಲು, ಆಮೇಲೆ ಹಕ್ಕಿ" ಎಂದು ಒಪ್ಪಂದ ಮಾಡಿಕೊಂಡು ಹೊರಟೆವು.

ದಾರಿಯಲ್ಲಿ ರೊಟ್ಟಿ, ಗಿಣ್ಣು ಕೊಳ್ಳಲು ಒಂದು ಅಂಗಡಿಯ ಮುಂದೆ ನಿಲ್ಲಿಸಿದೆ. ಬಾಗಿಲಿಗೆ ಆ ವಾರದ ಉಬ್ಬರ ಇಳಿತದ ಪಟ್ಟಿ ಅಂಟಿಸಿದ್ದರು. ಇಲ್ಲೊಂದು ಮಾತು ಹೇಳಬೇಕು. ನನ್ನ ಅಪ್ಪ ಏಡಿ ಹಿಡಿಯುತ್ತಿದ್ದವನು. ಸಮುದ್ರ ಯಾವ ದಿನ ಎಷ್ಟು ಹೊತ್ತಿಗೆ ಏರುತ್ತದೆ, ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂಬುದಕ್ಕೆ ಅವನ ಹತ್ತಿರ ಒಂದು ನೀಲಿ ರಟ್ಟಿನ ಪುಸ್ತಕ ಇರುತ್ತಿತ್ತು. ಮಾರ್ಚ್ ಕೊನೆಗೆ ನಮ್ಮಲ್ಲಿ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ಅಕ್ಟೋಬರಿನಲ್ಲಿ ಮತ್ತೆ ಹಿಂದಕ್ಕೆ. ಆ ಪುಸ್ತಕಕ್ಕೆ ಈ ಆಟ ಗೊತ್ತಿಲ್ಲ, ಅದು ವರ್ಷವಿಡೀ ಚಳಿಗಾಲದ ಗಂಟೆಯನ್ನೇ ಹೇಳುತ್ತದೆ. ಬೇಸಿಗೆಯಲ್ಲಿ ನೋಡುವಾಗ ನಾವೇ ಒಂದು ಗಂಟೆ ಕೂಡಿಸಿಕೊಳ್ಳಬೇಕು. ಅಪ್ಪ ಇದನ್ನು ನನಗೆ ಕಿವಿ ಹಿಂಡಿ ಕಲಿಸಿದ್ದ. ಅಪ್ಪ ಹೋದ ಮೇಲೂ ನಾನು ಪ್ರತಿ ವರ್ಷ ಅದೇ ಪುಸ್ತಕ ತರಿಸುತ್ತಿದ್ದೆ. ಈ ವರ್ಷ ಅದು ಅಚ್ಚಾಗಿರಲಿಲ್ಲ.

ಅಂಗಡಿಯ ಪಟ್ಟಿಯಲ್ಲಿ ಆ ದಿನದ ಇಳಿತ ಹನ್ನೆರಡು ಹತ್ತಕ್ಕೆ ಎಂದಿತ್ತು. ನಾನು ಅಂಗೈ ಮೇಲೆ ಪೆನ್ನಿನಲ್ಲಿ ಒಂದು ಹತ್ತು ಎಂದು ಬರೆದುಕೊಂಡೆ. ಯೋಚಿಸಲಿಲ್ಲ, ಕೈ ತಾನಾಗಿಯೇ ಕೂಡಿಸಿಬಿಟ್ಟಿತು. ಪಕ್ಕದಲ್ಲಿ ರಾಲ್ಫ್ ಕೂಡ ಪಟ್ಟಿ ನೋಡಿ ಫೋನಿನಲ್ಲಿ ಏನೋ ಒತ್ತುತ್ತಿದ್ದ.

ಸ್ಟೆನಿಸ್ ಕಲ್ಲುಗಳ ಹತ್ತಿರ ಕುರಿಗಳು ಬಿಟ್ಟರೆ ಯಾರೂ ಇರಲಿಲ್ಲ. ಆ ಕಲ್ಲುಗಳು ತೆಳ್ಳಗೆ, ಮೂರಾಳೆತ್ತರಕ್ಕೆ, ಮೇಲ್ತುದಿ ಓರೆಯಾಗಿ ಕತ್ತರಿಸಿದಂತೆ ನಿಂತಿವೆ. ಸುನ್ನಿವಾ ಒಂದರ ನೆರಳಿನಲ್ಲಿ ಕೂತು ರೊಟ್ಟಿ ತಿಂದಳು. ಬ್ರಾಡ್ಗರ್‌ನ ದೊಡ್ಡ ಕಲ್ಲಿನ ವರ್ತುಲಕ್ಕೆ ಬಂದಾಗ ಗಾಳಿ ಜೋರಾಗಿತ್ತು. ಎರಡು ಕೊಳಗಳ ನಡುವಿನ ಆ ದಿಣ್ಣೆಯಲ್ಲಿ ಗಾಳಿ ಇಲ್ಲದ ದಿನವನ್ನು ನಾನು ಕಂಡಿಲ್ಲ. ರಾಲ್ಫ್ ಫೋನು ಹಿಡಿದು ಓದಲು ಶುರು ಮಾಡಿದ.

"ಈಗ ನಿಂತಿರೋದು ಇಪ್ಪತ್ತೇಳಂತೆ ಅತ್ತೆ. ಮೊದ್ಲು ಅರವತ್ತಿತ್ತಂತೆ."

"ಓಹೋ. ನಾನು ಐವತ್ತು ವರ್ಷದಿಂದ ಇಲ್ಲೇ ಓಡಾಡ್ತಿದೀನಿ, ನಂಗೇನು ಗೊತ್ತು? ಕೊಡಿಲ್ಲಿ ಅದನ್ನ." ಫೋನನ್ನು ಅವನ ಕೈಯಿಂದ ಕಿತ್ತು ನನ್ನ ಚೀಲಕ್ಕೆ ಹಾಕಿದೆ. "ಡರ್ಬಿ ದೊರೆಗಳು ಇವತ್ತೊಂದಿನ ದೇವ್ರು ಕೊಟ್ಟ ಕಣ್ಣಲ್ಲೇ ನೋಡ್ಲಿ."

ಅವನು ನಕ್ಕ. ಸುನ್ನಿವಾ, "ಅಪ್ಪಂಗೆ ಅಜ್ಜಿ ಬೈದ್ಲು!" ಎಂದು ಕುಣಿದಳು. ಅವನ ಕಿವಿ ಕೆಂಪಾದದ್ದು ನನಗೆ ಕಂಡಿತು. ಕಂಡೂ ಸುಮ್ಮನಿದ್ದೆ, ಸುಳ್ಳು ಯಾಕೆ ಹೇಳಲಿ.

ಬರ್ಸೆ ಎಂಬ ಊರು ತಲುಪುವ ಮೊದಲು ರಸ್ತೆ ಪಕ್ಕದ ಹೊಲದಲ್ಲಿ ಒಂಟಿ ಕಲ್ಲೊಂದಿದೆ. ಹೊಸ ವರ್ಷದ ಹಿಂದಿನ ರಾತ್ರಿ ಅದು ಎದ್ದು ಕೊಳಕ್ಕೆ ಹೋಗಿ ನೀರು ಕುಡಿದು ಬರುತ್ತದೆ, ನೋಡಿದವರು ವರ್ಷ ತುಂಬುವುದರೊಳಗೆ ಸಾಯುತ್ತಾರೆ ಎಂದು ನಮ್ಮವರು ಹೇಳುತ್ತಾರೆ. ಇದನ್ನು ಸುನ್ನಿವಾಗೆ ಹೇಳಬಾರದಿತ್ತು. ಅವಳು ಸೀಟಿನ ಕೆಳಗೆ ಬಗ್ಗಿ ಕೂತು, ಕಲ್ಲು ದಾಟುವವರೆಗೂ ತಲೆ ಎತ್ತಲಿಲ್ಲ. "ಮಗೂನ ಹೆದರಿಸ್ಬೇಡಿ ಅತ್ತೆ" ಎಂದ ರಾಲ್ಫ್, ಮೆಲ್ಲಗೆ.

ಬರ್ಸೆಯ ತುದಿಯಲ್ಲಿ ಸಮುದ್ರ ದಾಟಿದರೆ ಬ್ರೋಕ್ ಎಂಬ ಪುಟ್ಟ ದ್ವೀಪ. ಇಳಿತವಿದ್ದಾಗ ನಡುವೆ ಒಂದು ಕಾಂಕ್ರೀಟ್ ಕಾಲುದಾರಿ ಮೇಲೆ ಬರುತ್ತದೆ, ಉಬ್ಬರ ಬಂದರೆ ಮುಳುಗುತ್ತದೆ. ಇಳಿತದ ವೇಳೆಗೆ ಎರಡು ಗಂಟೆ ಹಿಂದೆ, ಎರಡು ಗಂಟೆ ಮುಂದೆ, ಅಷ್ಟೇ ನಡೆಯುವ ಅವಕಾಶ. ಆಚೆ ಹಳೆಯ ಮನೆಗಳ ಅಡಿಪಾಯಗಳಿವೆ, ಪಡುವಣದ ಕಡಿದಾದ ದಂಡೆಯ ಮೇಲೆ ದೀಪಸ್ತಂಭವಿದೆ, ಆ ದಂಡೆಯಲ್ಲಿ ಟ್ಯಾಮಿನೋರಿಗಳಿವೆ. ನಾವು ವ್ಯಾನು ನಿಲ್ಲಿಸಿದಾಗ ಒಂದು ಗಂಟೆ ಹತ್ತು ನಿಮಿಷ. ದಾರಿ ಒಣಗಿ ಬೆಳ್ಳಗೆ ಕಾಣುತ್ತಿತ್ತು.

"ಸರಿಯಾದ ಹೊತ್ತಿಗೆ ಬಂದಿದೀವಿ. ಈಗಿನ್ನೂ ಪೂರ್ತಿ ಇಳಿದಿದೆ. ಮೂರು ಹತ್ತರ ತನಕ ಆರಾಮಾಗಿ ಸುತ್ತಿ" ಎಂದೆ.

ರಾಲ್ಫ್ ದಾರಿಯನ್ನೂ ನೀರನ್ನೂ ನೋಡಿದ. "ಅಂಗಡಿ ಪಟ್ಟೀಲಿ ಹನ್ನೆರಡು ಹತ್ತು ಅಂತಿತ್ತಲ್ಲ ಅತ್ತೆ? ಹಾಗಾದ್ರೆ ಎರಡು ಹತ್ತರೊಳಗೆ ವಾಪಸ್ ಬರ್ಬೇಕಲ್ವಾ?"

"ಬೇಸಿಗೇಲಿ ಒಂದು ಗಂಟೆ ಕೂಡಿಸ್ಕೋಬೇಕು ಕಣಪ್ಪ."

"ಅದು ಅಚ್ಚು ಹಾಕಿದೋರೇ ಕೂಡಿಸಿರ್ತಾರೇನೋ..."

"ಬಸ್ ಕಿಟಕೀಲಿ ಸಮುದ್ರ ನೋಡಿದೋನು ನಂಗೆ ನೀರಿನ ಲೆಕ್ಕ ಹೇಳ್ತಾನೆ, ಕೇಳಮ್ಮ ಸುನ್ನಿವಾ!"

ಸುನ್ನಿವಾ ಕಿಲಕಿಲ ನಕ್ಕಳು. ರಾಲ್ಫ್ ಮಗಳ ಕೈ ಹಿಡಿದು ದಾರಿಗಿಳಿದ. ಮಂಡಿ ನೋವಿನ ನಾನು ವ್ಯಾನಿನ ಬಾಗಿಲು ತೆರೆದಿಟ್ಟು, ಫ್ಲಾಸ್ಕಿನ ಚಹಾ ಬಗ್ಗಿಸಿಕೊಂಡು ಕೂತೆ. ಅವರು ಆಚೆ ದಡ ಹತ್ತಿ, ಹುಲ್ಲಿನ ಏರು ಹತ್ತಿ, ಚಿಕ್ಕದಾಗಿ ಮರೆಯಾದರು. ನೀರಿನ ಅಂಚನ್ನು ಒಂದು ಸಲ ಸರಿಯಾಗಿ ನೋಡಿದ್ದರೆ ಸಾಕಿತ್ತು. ಇಳಿಯುವ ನೀರು ಬಿಟ್ಟುಹೋದ ಬಂಡೆ ಒದ್ದೆಯಾಗಿರುತ್ತದೆ, ಏರುವ ನೀರಿನ ಮುಂದಿನ ಬಂಡೆ ಒಣಗಿರುತ್ತದೆ. ಅಪ್ಪ ಆಗಿದ್ದರೆ ವ್ಯಾನಿನಿಂದ ಇಳಿಯುವ ಮೊದಲೇ ಹೇಳುತ್ತಿದ್ದ. ನಾನು ನೋಡಿದ್ದು ನನ್ನ ಅಂಗೈಯನ್ನು.

ಚಹಾ ಕುಡಿದು ಬಿಸಿಲಿಗೆ ಕಣ್ಣು ಮುಚ್ಚಿದ್ದೆ. ಚೀಲದೊಳಗಿಂದ ಏನೋ ಕಿರುಚತೊಡಗಿತು. ತೆಗೆದು ನೋಡಿದರೆ ರಾಲ್ಫ್‌ನ ಫೋನು. ಬೆಳಿಗ್ಗೆ ಅಂಗಡಿ ಮುಂದೆ ಅವನು ಇಟ್ಟುಕೊಂಡಿದ್ದ ಅಲಾರಂ. ಒಂದು ನಲವತ್ತು. ಪರದೆಯ ಮೇಲೆ ಬರೆದುಕೊಂಡಿದ್ದ: "ಬ್ರೋಕ್‌ನಿಂದ ಹೊರಡು. ಸುನ್ನಿವಾ ನಿಧಾನ."

ನನಗೆ ಮೊದಲು ನಗು ಬಂತು. ಆಮೇಲೆ ತಲೆ ಎತ್ತಿ ನೋಡಿದೆ. ದಾರಿಯ ಎಡಕ್ಕಿದ್ದ, ನಾವು ಬಂದಾಗ ಪಾಚಿ ಹೊದ್ದು ಹೊರಗಿದ್ದ ದೊಡ್ಡ ಬಂಡೆ ಈಗ ಅರ್ಧ ಮಾತ್ರ ಕಾಣುತ್ತಿತ್ತು. ಅಂಗೈ ನೋಡಿದೆ, ಫೋನು ನೋಡಿದೆ, ಮತ್ತೆ ಬಂಡೆ ನೋಡಿದೆ. ಆ ಪಟ್ಟಿ ಅಪ್ಪನ ಪುಸ್ತಕ ಅಲ್ಲ. ಅಂಗಡಿಯವರು ಬಂದುಹೋಗುವವರಿಗಾಗಿ ಅಂಟಿಸಿದ ಪಟ್ಟಿ ಅದು, ಗಂಟೆಯನ್ನು ಅವರೇ ಕೂಡಿಸಿದ್ದರು. ಅದರ ಮೇಲೆ ನಾನು ಮತ್ತೊಂದು ಕೂಡಿಸಿದ್ದೆ. ಹೊರಗಿನವರು ಯಾರೂ ಮಾಡದ ತಪ್ಪು ಇದು, ಇಲ್ಲೇ ಹುಟ್ಟಿ ಬೆಳೆದವರು ಮಾತ್ರ ಮಾಡಬಹುದಾದ ತಪ್ಪು. ಈ ಮಂಡಿಯಲ್ಲಿ ಆಚೆ ಹೋಗಿ ಅವರನ್ನು ಹುಡುಕಿ ತರುವಷ್ಟರಲ್ಲಿ ದಾರಿ ಮುಳುಗಿರುತ್ತಿತ್ತು.

ಆದರೂ ಮೊದಲ ಅರ್ಧ ಗಂಟೆ ನಾನು ನನ್ನನ್ನೇ ಸಮಾಧಾನ ಮಾಡಿಕೊಂಡೆ. ಆಚೆ ಸಿಕ್ಕಿಹಾಕಿಕೊಂಡರೆ ಏನೂ ಆಗುವುದಿಲ್ಲ, ಹುಲ್ಲಿನ ಮೇಲೆ ಕೂತು ಮುಂದಿನ ಇಳಿತಕ್ಕೆ ಕಾದರಾಯಿತು, ಚಳಿ ಹಸಿವು ಅಷ್ಟೇ. ಎಷ್ಟೋ ಜನ ಹಾಗೆ ಕೂತಿದ್ದಾರೆ. ಅಪಾಯ ಇರುವುದು ದಾಟಲು ಹೋದವರಿಗೆ. ಎರಡೂ ಕಡೆಯಿಂದ ನುಗ್ಗುವ ನೀರು ದಾರಿಯ ನಡುವೆ ಬಂದು ಸೇರುತ್ತದೆ, ಮೊಣಕಾಲು ಮುಟ್ಟಿದರೆ ಸಾಕು, ಗಟ್ಟಿಮುಟ್ಟಾದ ಗಂಡಸನ್ನೂ ಎಳೆದು ಉರುಳಿಸುತ್ತದೆ. ನೀರು ಕಂಡರೆ ರಾಲ್ಫ್ ಇಳಿಯುವುದಿಲ್ಲ, ಅವನಿಗೆ ಅಷ್ಟು ಬುದ್ಧಿ ಇದೆ, ಎಂದುಕೊಂಡೆ. ಹಾಗೆ ಅಂದುಕೊಂಡ ಮರುಗಳಿಗೆಯೇ ನನ್ನದೇ ದನಿ ಕಿವಿಯಲ್ಲಿ ಕೇಳಿತು: ಮೂರು ಹತ್ತರ ತನಕ ಆರಾಮಾಗಿ ಸುತ್ತಿ.

ತುರ್ತು ಸಂಖ್ಯೆಗೆ ಕರೆ ಮಾಡಿದೆ. ಸ್ಟ್ರೋಮ್ನೆಸ್ ಬಂದರಿನಿಂದ ರಕ್ಷಣಾ ದೋಣಿ ಬರಲು ಒಂದು ಗಂಟೆ ದಾಟಬಹುದು ಎಂದಳು ಕರೆ ತೆಗೆದುಕೊಂಡ ಹುಡುಗಿ. "ಅವ್ರು ನೀರಿಗಿಳೀದ ಹಾಗೆ ನೋಡ್ಕೊಳ್ಳಿ ಅಮ್ಮ." ಹೇಗೆ ನೋಡಿಕೊಳ್ಳಲಿ? ಬರ್ಸೆಯಲ್ಲೇ ದೋಣಿಯಿಟ್ಟಿರುವ ಜೊರ್ಡಿ ಹಾರ್ಕಸ್‌ಗೂ ಫೋನು ಮಾಡಿದೆ. ಅವನು ನನ್ನ ಜೊತೆ ಶಾಲೆಗೆ ಬಂದವನು, ಏಡಿ ಹಿಡಿಯುವವನು. "ಬಂದೆ ಇರು. ಎಂಜಿನ್ ಬಿಚ್ಚಿಟ್ಟಿದೀನಿ ಕಣೇ, ಜೋಡಿಸ್ಬೇಕು" ಎಂದು ಇಟ್ಟುಬಿಟ್ಟ.

ಎರಡು ಐವತ್ತಕ್ಕೆ ಅವರು ಹುಲ್ಲಿನ ಏರಿನ ಮೇಲೆ ಕಾಣಿಸಿಕೊಂಡರು. ಸುನ್ನಿವಾಳ ಹಳದಿ ಕೋಟು ಮೊದಲು ಕಂಡಿತು. ಅವಳು ಕುಣಿಯುತ್ತ ಇಳಿಯುತ್ತಿದ್ದಳು, ಹಕ್ಕಿ ಸಿಕ್ಕಿರಬೇಕು. ದಾರಿಯ ಎರಡೂ ತುದಿ ಇನ್ನೂ ನೀರಿನ ಮೇಲಿದ್ದವು, ನಡುವಿನ ಭಾಗ ಪೂರ್ತಿ ಹೋಗಿತ್ತು. ಅಲೆ ಬಂದಾಗ ಬಿಳಿ ನೊರೆ ಎದ್ದು ಎಲ್ಲಿ ದಾರಿ ಎಲ್ಲಿ ಬಂಡೆ ಒಂದೂ ತಿಳಿಯುತ್ತಿರಲಿಲ್ಲ.

ರಾಲ್ಫ್ ದಡದಲ್ಲಿ ನಿಂತ. ನೀರು ನೋಡಿದ. ಕೈಗಡಿಯಾರ ನೋಡಿದ. ನನ್ನ ಕಡೆ ನೋಡಿದ.

ನಾನು ಎರಡೂ ಕೈ ಎತ್ತಿ ಬೀಸಿದೆ. ಹಿಂದೆ ಹೋಗು, ಹಿಂದೆ ಹೋಗು! ಗಂಟಲು ಹರಿಯುವ ಹಾಗೆ ಕೂಗಿದೆ. ಗಾಳಿ ಅವನ ಕಡೆಯಿಂದ ನನ್ನ ಕಡೆಗೆ ಬೀಸುತ್ತಿತ್ತು, ನನ್ನ ಕೂಗು ನನ್ನ ಬೆನ್ನಿಗೇ ಹೋಗುತ್ತಿತ್ತು. ಅವನು ಕೈ ಬೀಸಿದ, ಬಂದೆ ಎನ್ನುವ ಹಾಗೆ. ಸುನ್ನಿವಾಳನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು ದಾರಿಗಿಳಿದ.

ಹೆದರಿಕೆ ಎಂದರೆ ಏನೆಂದು ನನಗೆ ಗೊತ್ತು ಎಂದುಕೊಂಡಿದ್ದೆ. ಅಪ್ಪನ ದೋಣಿ ಒಂದು ರಾತ್ರಿ ಬಾರದೆ ಇದ್ದದ್ದನ್ನು ಕಂಡವಳು ನಾನು. ಇದು ಅದಲ್ಲ. ಅದು ಸಮುದ್ರ ಮಾಡಿದ್ದು. ಇದನ್ನು ನಾನು ಮಾಡಿದ್ದೆ. ಆ ಹಳದಿ ಕೋಟು ನೀರಿನ ಮೇಲೆ ಬರುತ್ತಿದ್ದದ್ದು ನನ್ನ ಮಾತು ನಂಬಿ.

ಮಂಡಿ ಮರೆತು ವ್ಯಾನಿಗೆ ಓಡಿ ಹಾರ್ನ್ ಒತ್ತಿದೆ. ಒತ್ತಿ ಹಿಡಿದೆ. ಅವನು ಇನ್ನೂ ಬೇಗ ಕಾಲು ಹಾಕಿದ! ಒಣ ದಾರಿ ಮುಗಿಯಿತು, ನೀರು ಅವನ ಪಾದ ಮುಚ್ಚಿತು, ಮೀನಖಂಡ ಮುಚ್ಚಿತು. ಒಂದು ಅಲೆ ಬಂದು ಅವನು ಪಕ್ಕಕ್ಕೆ ಎರಡು ಹೆಜ್ಜೆ ವಾಲಿದ. ಸುನ್ನಿವಾ ಅವನ ತಲೆಗೂದಲು ಹಿಡಿದುಕೊಂಡಳು. ಅವಳು ಅಳುತ್ತಿದ್ದದ್ದು ಆ ಗಾಳಿಯಲ್ಲಿ ನನಗೆ ಚೆನ್ನಾಗಿ ಕೇಳುತ್ತಿತ್ತು.

ಕೈ ಬೀಸಿದರೆ ಬಾ ಎಂದುಕೊಳ್ಳುತ್ತಾನೆ. ಕೂಗಿದರೆ ಬಾ. ಹಾರ್ನ್ ಒತ್ತಿದರೆ ಬೇಗ ಬಾ. ನಾನು ಇಲ್ಲಿ ನಿಂತು ಏನು ಮಾಡಿದರೂ ಅವನಿಗೆ ಅದು ಬಾ ಎಂದೇ ಕೇಳುತ್ತದೆ. ನಾನೇ ಇಲ್ಲದಿದ್ದರೆ?

ಯೋಚಿಸುತ್ತ ನಿಂತಿದ್ದರೆ ಧೈರ್ಯ ಬರುತ್ತಿರಲಿಲ್ಲ. ವ್ಯಾನು ತಿರುಗಿಸಿದೆ. ಅವನಿಗೆ ಚೆನ್ನಾಗಿ ಕಾಣಲಿ ಎಂದು ಅಡ್ಡವಾಗಿ ತಿರುಗಿಸಿ, ಏರು ರಸ್ತೆ ಹತ್ತಿ, ಕಲ್ಲುಗೋಡೆಯ ತಿರುವಿನಾಚೆ ಹೋದೆ. ಕನ್ನಡಿಯಲ್ಲಿ ಸಮುದ್ರ ಮರೆಯಾಯಿತು. ಅಲ್ಲಿ ನಿಲ್ಲಿಸಿ ಎಂಜಿನ್ ಆರಿಸಿದೆ.

ಅಲ್ಲಿಂದ ಏನೂ ಕಾಣುವುದಿಲ್ಲ. ಗೋಡೆಯಾಚೆ ಎರಡು ಹಸುಗಳು ಮೇಯುತ್ತಿದ್ದವು. ನಾನು ಹೋದದ್ದು ನೋಡಿಯೂ ಅವನು ನಿಲ್ಲದಿದ್ದರೆ? ನಡುನೀರಿನಲ್ಲಿ ನನ್ನನ್ನು ಕಾಣದೆ ದಿಕ್ಕು ತಪ್ಪಿದರೆ? ಅವಳು ಕೊನೆಯದಾಗಿ ನೋಡಿದ್ದು ಬಿಟ್ಟು ಹೋಗುವ ಅಜ್ಜಿಯನ್ನು ಆದರೆ? ಹೋಗಿ ನೋಡಬೇಕು ಎಂದು ಕಾಲು ಎಳೆಯುತ್ತಿತ್ತು, ಈಗಲೇ ತಲೆ ಕಾಣಿಸಿದರೆ ಮತ್ತೆ ಹೊರಟುಬಿಡುತ್ತಾನೆ ಎಂದು ಹೆದರಿಕೆ ತಡೆಯುತ್ತಿತ್ತು. ಗಡಿಯಾರ ನೋಡಿಕೊಂಡು ಐದು ನಿಮಿಷ ಕೂತೆ. ದೇವರಿಗೆ ಏನೇನು ಹರಕೆ ಹೊತ್ತೆನೋ ನೆನಪಿಲ್ಲ. ಚರ್ಚಿಗೆ ಹೋಗಿ ಹನ್ನೊಂದು ವರ್ಷವಾಗಿತ್ತು.

ಆಮೇಲೆ ಗೋಡೆ ಹಿಡಿದುಕೊಂಡು ಬಗ್ಗಿ ಬಗ್ಗಿ ಹೋಗಿ ಇಣುಕಿದೆ. ಮೊದಲು ದಾರಿಯ ಕಡೆ ಕಣ್ಣು ಹೋಯಿತು. ಬರೀ ನೀರು. ಆಮೇಲೆ ಕಣ್ಣು ಆಚೆ ದಡಕ್ಕೆ ಹೋಯಿತು. ಹುಲ್ಲಿನ ಅಂಚಿನಲ್ಲಿ ಒಂದು ಹಳದಿ ಚುಕ್ಕೆ, ಅದರ ಪಕ್ಕ ಒಬ್ಬ ಗಂಡಸು ಮಂಡಿಯೂರಿ ಅದಕ್ಕೆ ತನ್ನ ಅಂಗಿ ತೊಡಿಸುತ್ತಿದ್ದ.

ಜೊರ್ಡಿ ಅವರನ್ನು ದೋಣಿಯಲ್ಲಿ ಕರೆತಂದಾಗ ನಾಲ್ಕೂವರೆ. ಸ್ಟ್ರೋಮ್ನೆಸ್‌ನಿಂದ ಬಂದ ದೋಣಿ ಅವರನ್ನು ನೋಡಿ, ಎಲ್ಲ ಸರಿಯಿದೆ ಎಂದು ತಿರುಗಿ ಹೋಯಿತು. ರಾಲ್ಫ್ ವಾಪಸ್ ತಿರುಗುವಾಗ ಕಾಲು ಜಾರಿ ಬಿದ್ದಿದ್ದ. ಮೊಣಕೈ ಚರ್ಮ ಕಿತ್ತುಹೋಗಿತ್ತು, ಸುನ್ನಿವಾ ತಲೆಯವರೆಗೂ ನೆನೆದಿದ್ದಳು. ಜೊರ್ಡಿಯ ಮೀನುನಾತದ ಉಣ್ಣೆ ಅಂಗಿಯೊಳಗೆ ಅವಳ ಮುಖ ಮಾತ್ರ ಕಾಣುತ್ತಿತ್ತು.

"ಮೂವತ್ತು ವರ್ಷ ಕಲ್ಲು ತೋರ್ಸಿದೋಳು ನೀನು, ನಿಂಗೇನೇ ಬಂತು?" ಎಂದ ಜೊರ್ಡಿ. ನನ್ನ ಮುಖ ನೋಡಿ ಹಗ್ಗ ಕಟ್ಟಲು ಹೋದ.

ಸುನ್ನಿವಾ ನನ್ನ ಹತ್ತಿರ ಬರಲಿಲ್ಲ. ಅಪ್ಪನ ಕಾಲು ಹಿಡಿದುಕೊಂಡೇ ಕೇಳಿದಳು, "ನಮ್ಮನ್ನ ಬಿಟ್ಟು ಯಾಕೆ ಹೋದೆ?"

"ಅಪ್ಪ ನನ್ನ ನೋಡ್ಕೊಂಡು ನೀರಿಗೆ ಬರ್ತಿದ್ನಲ್ಲ ಪುಟ್ಟಾ, ಅದಕ್ಕೆ. ನಾನು ಕರೀತಿದೀನಿ ಅಂದ್ಕೊಂಡಿದ್ದ." ರಾಲ್ಫ್ ಕಡೆ ತಿರುಗಿದೆ. "ನನ್ನ ಸನ್ನೆ ನಿಂಗೆ ತಿಳೀಲಿಲ್ಲ ಅಂತ ಹೋದೆ ಕಣಪ್ಪ."

ಅವನು ನೆಲ ನೋಡುತ್ತಿದ್ದ. ತುಟಿ ನೀಲಿಯಾಗಿತ್ತು. ಒಂದು ಸಲವೂ ದನಿ ಏರಿಸಲಿಲ್ಲ, ಏರಿಸಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

"ತಿಳೀತು ಅತ್ತೆ" ಎಂದ. "ಹಾರ್ನ್ ಹೊಡೆದಾಗ್ಲೇ ತಿಳೀತು. ನೀರು ನೋಡಿದಾಗ್ಲೇ ಗೊತ್ತಾಗಿತ್ತು, ಆಗಲ್ಲ ಅಂತ. ಆದ್ರೆ ನೀವು ನಿಂತು ನೋಡ್ತಿದ್ರಿ. ಮೂರು ಹತ್ತರ ತನಕ ಅಂದಿದ್ರಿ, ಇನ್ನೂ ಮೂರೇ ಆಗಿತ್ತು. ಈಗ ವಾಪಸ್ ಹೋದ್ರೆ ಕ್ರಿಸ್‌ಮಸ್‌ವರೆಗೂ ಇದನ್ನೇ ಹೇಳಿ ನಗ್ತೀರ ಅನ್ನಿಸ್ತು. ಬೇಗ ದಾಟ್ಬಿಡೋಣ ಅಂದ್ಕೊಂಡೆ. ವ್ಯಾನು ಹೋದ್ಮೇಲೆ ನೋಡೋರು ಯಾರೂ ಇರ್ಲಿಲ್ಲ. ಆಗ ತಿರುಗಿದೆ." ಮಗಳ ತಲೆ ಮೇಲೆ ಕೈಯಿಟ್ಟು, "ನನ್ನ ಹೆಗಲ ಮೇಲೆ ಇವಳಿದ್ಳು ಅತ್ತೆ. ಆದ್ರೂ ಅದೇ ಯೋಚ್ನೆ ಬಂತು" ಎಂದ. ಅಲ್ಲಿಯೇ ಕಲ್ಲಿನ ಮೇಲೆ ಕೂತು ಮುಖ ಮುಚ್ಚಿಕೊಂಡ.

ಸಮುದ್ರದ ಹೆದರಿಕೆ ದಡ ಹತ್ತಿದ ಮೇಲೆ ಇಳಿಯುತ್ತದೆ. ಈಗ ಬಂದದ್ದು ಇಳಿಯುವ ಹೆದರಿಕೆಯಾಗಿರಲಿಲ್ಲ. ಎಂಟು ವರ್ಷ ಇವನು ನಕ್ಕದ್ದೆಲ್ಲ ಏನು ಹಾಗಾದರೆ?

ನನ್ನ ಚೀಲದಲ್ಲಿ ಅವನ ಫೋನು ಹೊಡೆದುಕೊಂಡಿತು. ಮೆರನ್. ರಾಲ್ಫ್ ಕಣ್ಣೊರೆಸಿಕೊಂಡು ಕೈ ಚಾಚಿದ. "ನಾನು ಮಾತಾಡ್ತೀನಿ ಕೊಡಿ. ನಂದೇ ತಪ್ಪು, ತಡ ಮಾಡ್ಬಿಟ್ಟೆ ಅಂತ ಹೇಳ್ತೀನಿ. ನೀವೇನೂ ಹೇಳ್ಬೇಡಿ."

ಕೊಡಲಿಲ್ಲ. ನಾನೇ ಕಿವಿಗಿಟ್ಟುಕೊಂಡೆ. ಅಂಗಡಿಯ ಪಟ್ಟಿಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ರಾಲ್ಫ್ ಸರಿಯಾದ ಗಂಟೆ ಹೇಳಿದ್ದು, ನಾನು ಮಗುವಿನ ಮುಂದೆ ಅವನನ್ನು ನಗೆಪಾಟಲು ಮಾಡಿದ್ದು, ಅವನು ಯಾಕೆ ನೀರಿಗಿಳಿದ ಎಂದು ಈಗ ತಾನೇ ಹೇಳಿದ್ದು, ಯಾವುದನ್ನೂ ಬಿಡಲಿಲ್ಲ. ಆಚೆ ಆಸ್ಪತ್ರೆಯ ಗದ್ದಲ ಕೇಳುತ್ತಿತ್ತು. ಬೈಯುತ್ತಾಳೆ ಎಂದು ಕಾದೆ.

"ಇಬ್ರೂ ಅಲ್ಲೇ ಇದಾರಾ?" ಎಂದಳು ಕೊನೆಗೆ.

"ಇದಾರೆ. ಇಬ್ರೂ ಇದಾರೆ ಮಗಳೇ."

"ಫೋನ್ ಅವನಿಗೆ ಕೊಡಮ್ಮ."

ಕೊಟ್ಟೆ.